ಮೈಸೂರು ಡರ್ಬಿಗೆ ಹೋಗ್ತೀರಾ? ಮೊದಲು ಕುದುರೆ ನೋಡಲು ಕಲಿಯಿರಿ

ಡರ್ಬಿ ಅಂದರೆ ಒಂದೇ ವಯಸ್ಸಿನ ಕುದುರೆಗಳು ಓಡುವ ದೊಡ್ಡ ರೇಸು. ಆ ದಿನ ಮೊದಲ ಸಲ ರೇಸ್ ಕೋರ್ಸಿಗೆ ಹೋದವರು ಎಷ್ಟೋ ಜನ ಕುದುರೆಯನ್ನೇ ಸರಿಯಾಗಿ ನೋಡದೆ ಮನೆಗೆ ಬರುತ್ತಾರೆ. ಕೌಂಟರ್ ಮುಂದಿನ ಸಾಲು, ರೇಟು ತೋರಿಸುವ ಪರದೆ, ಪಕ್ಕದವರ ಕೂಗಾಟ, ದೂರದಲ್ಲಿ ಸರ್ರನೆ ಹೋದ ಬಣ್ಣದ ಅಂಗಿಗಳು, ಇಷ್ಟೇ ನೆನಪಿರುತ್ತದೆ. ನನ್ನ ಮೊದಲ ಡರ್ಬಿಯೂ ಹಾಗೇ ಆಗಿತ್ತು. ಸೋದರಮಾವ ಕರೆದುಕೊಂಡು ಹೋಗಿದ್ದರು. ಸಂಜೆ ಅಮ್ಮ ಕೇಳಿದಾಗ ಗೆದ್ದ ಕುದುರೆಯ ಹೆಸರು ಹೇಳಿದೆ, ಅದು ಯಾವ ಬಣ್ಣದ್ದು ಅಂತ ಕೇಳಿದರೆ ಬಾಯಲ್ಲಿ ಉತ್ತರ ಇರಲಿಲ್ಲ. ಆಮೇಲೆ ವರ್ಷವರ್ಷ ಹೋಗಿ, ಕುದುರೆ ನೋಡಿಕೊಳ್ಳುವ ಸೈಸ್‌ಗಳನ್ನು ಕೇಳಿ, ಮನೆಯಲ್ಲಿ ರಿಪ್ಲೇ ಹಾಕಿಕೊಂಡು ನೋಡಿ, ನಿಧಾನಕ್ಕೆ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಕುದುರೆ ಗೆಲ್ಲುತ್ತದೆ ಅಂತ ಇದರಲ್ಲಿ ಸಿಗುವುದಿಲ್ಲ. ಅರ್ಧ ಟನ್ ತೂಕದ ಒಂದು ಜೀವ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಎದುರಿಗೆ ಓಡುವಾಗ ಅದನ್ನು ಪೂರ್ತಿ ನೋಡುವುದು ಹೇಗೆ ಅಂತ ಸಿಗುತ್ತದೆ.

ಮೈಸೂರನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಬೆಂಗಳೂರಿನ ಡರ್ಬಿ ದೊಡ್ಡದು, ಮುಂಬೈಯ ಮಹಾಲಕ್ಷ್ಮಿಯಲ್ಲಿ ಫೆಬ್ರುವರಿಯ ಮೊದಲ ಭಾನುವಾರ ನಡೆಯುವ ಇಂಡಿಯನ್ ಡರ್ಬಿ ಅದಕ್ಕಿಂತ ದೊಡ್ಡದು. ಆದರೆ ಹೊಸಬರಿಗೆ ಮೈಸೂರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಚಾಮುಂಡಿ ಬೆಟ್ಟದ ಬುಡದಲ್ಲೇ ಟ್ರ್ಯಾಕ್. ಸ್ಟ್ಯಾಂಡಿನಲ್ಲಿ ನಿಂತರೆ ಹುಲ್ಲು, ಅದರಾಚೆ ಬೆಟ್ಟ. ಮೈಸೂರು ರೇಸ್ ಕ್ಲಬ್ ಶುರುವಾಗಿದ್ದು 1891ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ. ಇಲ್ಲಿನ ಡರ್ಬಿ ಬರುವುದು ಅಕ್ಟೋಬರ್‌ನಲ್ಲಿ, ದಸರಾದ ಆಸುಪಾಸು. ಊರೆಲ್ಲ ಹಬ್ಬದ ಗುಂಗಿನಲ್ಲಿರುವಾಗ ಡರ್ಬಿ ನೋಡುವುದರಲ್ಲಿ ಬೇರೆಯೇ ಸೊಗಸಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೈಲು ಟಿಕೆಟ್ ಬುಕ್ ಮಾಡುವ ಮುಂಚೆ ಆ ದಿನ ರೇಸ್ ಇದೆಯೇ ಅಂತ ಕ್ಲಬ್ಬಿನ ಪ್ರಕಟಣೆ ನೋಡಿಕೊಳ್ಳಿ. ಮಳೆ ಜಾಸ್ತಿಯಾದರೆ ರೇಸ್ ಮುಂದೆ ಹೋಗುತ್ತದೆ, ಕುದುರೆಗಳಲ್ಲಿ ಸಾಂಕ್ರಾಮಿಕ ಕಾಯಿಲೆ ಕಾಣಿಸಿದರೆ ನಿಲ್ಲುತ್ತದೆ, ಪರವಾನಗಿಯ ತಕರಾರೂ ಬರಬಹುದು.

ಹಿಂದಿನ ದಿನದ ಓದು

ರೇಸ್ ಕಾರ್ಡ್, ಅಂದರೆ ಆ ದಿನದ ರೇಸುಗಳ ವಿವರ ಇರುವ ಪುಸ್ತಕ, ಒಂದೆರಡು ದಿನ ಮುಂಚೆಯೇ ಸಿಗುತ್ತದೆ. ಮೊದಲ ಸಲ ನೋಡಿದರೆ ಲೆಕ್ಕದ ಪುಸ್ತಕದ ಹಾಗೆ ಕಾಣುತ್ತದೆ, ಹೆದರಬೇಡಿ. ಎಲ್ಲ ರೇಸುಗಳನ್ನೂ ಓದಲು ಹೋಗಬೇಡಿ, ಡರ್ಬಿಯ ಪುಟ ಒಂದನ್ನೇ ತೆಗೆಯಿರಿ. ಪ್ರತಿ ಕುದುರೆಯ ಮುಂದೆ ಅದರ ನಂಬರ್, ಹೆಸರು, ಅಪ್ಪ ಅಮ್ಮನ ಹೆಸರು, ಬಣ್ಣ, ಗಂಡೋ ಹೆಣ್ಣೋ, ಮಾಲೀಕರು, ಟ್ರೇನರ್, ಜಾಕಿ ಅಂದರೆ ಸವಾರ, ಜಾಕಿ ಮತ್ತು ಜೀನು ಸೇರಿ ಹೊರುವ ತೂಕ, ಡ್ರಾ ಅಂದರೆ ಓಟ ಶುರುವಾಗುವ ಗೇಟಿನಲ್ಲಿ ಎಷ್ಟನೇ ಖಾನೆ ಅನ್ನುವುದು, ಮತ್ತೆ ಹಿಂದಿನ ಓಟಗಳ ಫಲಿತಾಂಶ ಇರುತ್ತದೆ. ಹೊಸಬರು ಸಾಮಾನ್ಯವಾಗಿ ಎಡವುವುದು ಎರಡು ನಂಬರುಗಳ ಹತ್ತಿರ. ಕುದುರೆಯ ಮೈಮೇಲಿನ ಬಟ್ಟೆಯಲ್ಲಿ ಕಾಣುವುದು ಕಾರ್ಡಿನ ನಂಬರ್. ಡ್ರಾ ಬೇರೆ. ಮೂರನೇ ನಂಬರ್ ಕುದುರೆ ಹತ್ತನೇ ಖಾನೆಯಿಂದ ಹೊರಡಬಹುದು.

ಡರ್ಬಿ ಬೇರೆ ರೇಸುಗಳಿಗಿಂತ ಹೇಗೆ ಬೇರೆ ಅಂತ ಇಲ್ಲೇ ತಿಳಿದುಕೊಂಡರೆ ಮುಂದೆ ಸುಲಭ. ಆ ದಿನದ ಬಹಳಷ್ಟು ರೇಸುಗಳು ಹ್ಯಾಂಡಿಕ್ಯಾಪ್. ಅಂದರೆ ಹಿಂದೆ ಚೆನ್ನಾಗಿ ಓಡಿದ ಕುದುರೆಗೆ ಜಾಸ್ತಿ ತೂಕ, ಸಾಧಾರಣ ಕುದುರೆಗೆ ಕಮ್ಮಿ ತೂಕ, ಎಲ್ಲರೂ ಒಟ್ಟಿಗೆ ಗುರಿ ಮುಟ್ಟಲಿ ಅನ್ನುವ ಲೆಕ್ಕ. ತೂಕ ಕಮ್ಮಿ ಬಿದ್ದರೆ ಸೀಸದ ತುಂಡು ಸೇರಿಸಿ ಸರಿ ಮಾಡುತ್ತಾರೆ. ಡರ್ಬಿಯಲ್ಲಿ ಈ ರಿಯಾಯಿತಿ ಇಲ್ಲ. ಎಲ್ಲವೂ ಒಂದೇ ವಯಸ್ಸಿನವು, ಗಂಡುಗಳಿಗೆಲ್ಲ ಒಂದೇ ತೂಕ, ಹೆಣ್ಣು ಕುದುರೆಗೆ ಒಂದೂವರೆ ಕೆಜಿ ಕಮ್ಮಿ. ಬಲ ಯಾರದ್ದು ಅನ್ನುವುದು ಅಲ್ಲಿ ನೇರವಾಗಿ ಗೊತ್ತಾಗುತ್ತದೆ. ಹೆಣ್ಣು ಕುದುರೆಯನ್ನು ಕಡೆಗಣಿಸಬೇಡಿ. 1943ರಲ್ಲಿ ನಡೆದ ಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದೇ ಪ್ರಿನ್ಸೆಸ್ ಬ್ಯೂಟಿಫುಲ್ ಅನ್ನುವ ಹೆಣ್ಣು ಕುದುರೆ.

ಒಂದೇ ವಯಸ್ಸು ಅಂದೆನಲ್ಲ, ಅದರಲ್ಲೂ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ಎಲ್ಲ ಥರೋಬ್ರೆಡ್, ಅಂದರೆ ರೇಸಿನಲ್ಲಿ ಓಡುವ ತಳಿಯ ಕುದುರೆಗಳಿಗೂ ಜನವರಿ 1ಕ್ಕೆ ಒಂದು ವರ್ಷ ತುಂಬಿತು ಅಂತ ಲೆಕ್ಕ. ಜನವರಿಯಲ್ಲಿ ಹುಟ್ಟಿದ ಮರಿಗೂ ಏಪ್ರಿಲ್‌ನಲ್ಲಿ ಹುಟ್ಟಿದ ಮರಿಗೂ ಪುಸ್ತಕದಲ್ಲಿ ಒಂದೇ ವಯಸ್ಸು. ಬೆಳೆಯುವ ವಯಸ್ಸಿನಲ್ಲಿ ಮೂರು ತಿಂಗಳು ಸಣ್ಣ ವಿಷಯವಲ್ಲ. ಹಾಗಾಗಿ ಡರ್ಬಿಯಲ್ಲಿ ಒಂದು ಕುದುರೆ ಪಕ್ಕದ್ದಕ್ಕಿಂತ ಎಳೆಯದಾಗಿ, ಇನ್ನೂ ಮೈ ತುಂಬದ ಹಾಗೆ ಕಂಡರೆ ಅದು ನಿಮ್ಮ ಕಣ್ಣಿನ ತಪ್ಪಲ್ಲ.

ಅಪ್ಪ ಅಮ್ಮನ ಹೆಸರು ಯಾಕೆ ಹಾಕುತ್ತಾರೆ ಅಂತ ಕೇಳುವವರಿದ್ದಾರೆ. ಈ ತಳಿಯ ಕಥೆಯೆಲ್ಲ ಅದರಲ್ಲೇ ಇದೆ. ಪ್ರಪಂಚದ ಯಾವ ಥರೋಬ್ರೆಡ್ ತೆಗೆದುಕೊಂಡರೂ ಗಂಡು ಸಂತಾನದ ಸಾಲು ಹಿಡಿದು ಹಿಂದಕ್ಕೆ ಹೋದರೆ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಅನ್ನುವ ಮೂರು ಕುದುರೆಗಳಲ್ಲಿ ಒಂದಕ್ಕೆ ಹೋಗಿ ಮುಟ್ಟುತ್ತದೆ. ಓದುಗರಿಗೆ ಬೇಕಾದ ಉಪಯೋಗ ಏನಪ್ಪ ಅಂದರೆ, ಅಪ್ಪನ ಮಕ್ಕಳು ದೂರದ ಓಟದಲ್ಲಿ ಗೆದ್ದಿದ್ದಾವೋ ಬರೀ 1200 ಮೀಟರಿನಲ್ಲೋ ಅನ್ನುವುದು. ಇವತ್ತು ಮೊದಲ ಸಲ ಇಷ್ಟು ದೂರ ಓಡುತ್ತಿರುವ ಕುದುರೆಗಳು ಡರ್ಬಿಯಲ್ಲಿ ಇರುತ್ತವೆ, ಉಸಿರು ಸಾಲುತ್ತದೋ ಇಲ್ಲವೋ ಅನ್ನುವ ಊಹೆಗೆ ರಕ್ತವೇ ಆಧಾರ. ನಮ್ಮ ಕುಣಿಗಲ್ಲಿನ ಹೆಸರೂ ಇಲ್ಲಿ ಬರುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಅದು, ಆಮೇಲೆ ರೇಸ್ ಕುದುರೆಗಳ ಫಾರ್ಮ್ ಆಯಿತು. ಬೆಂಗಳೂರಿನಿಂದ ಹಾಸನದ ಕಡೆ ಹೋಗುವಾಗ ಎಷ್ಟು ಸಲ ಕುಣಿಗಲ್ ದಾಟಿರುತ್ತೀರಿ, ಕೆರೆ ಎಲ್ಲರಿಗೂ ಗೊತ್ತು, ಕುದುರೆಗಳ ವಿಷಯ ಕೆಲವರಿಗೇ ಗೊತ್ತು.

ಇಷ್ಟು ಓದಿ ಮೂರು ಕುದುರೆ ಆರಿಸಿಕೊಳ್ಳಿ. ಒಂದು ಎಲ್ಲರೂ ಹೇಳುವ ಫೇವರಿಟ್, ಒಂದು ನಿಮಗೆ ಇಷ್ಟವಾದದ್ದು, ಒಂದು ಯಾರೂ ಮಾತಾಡದೇ ಇರುವುದು. ಆ ಮೂರರ ಜಾಕಿಯ ಅಂಗಿ ಬಣ್ಣ, ಟೋಪಿ ಬಣ್ಣ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಿಯ ಬಣ್ಣ ಮಾಲೀಕರದ್ದು, ಜಾಕಿಯದ್ದಲ್ಲ. ಒಬ್ಬರೇ ಮಾಲೀಕರ ಎರಡು ಕುದುರೆ ಓಡಿದರೆ ಅಂಗಿ ಒಂದೇ ಥರ ಇದ್ದು ಟೋಪಿ ಮಾತ್ರ ಬೇರೆ ಇರಬಹುದು. ಇದನ್ನು ಗಮನಿಸದೆ ಒಂದು ವರ್ಷ ಡರ್ಬಿ ಪೂರ್ತಿ ತಪ್ಪು ಕುದುರೆಯ ಹಿಂದೆ ಕಣ್ಣಿಟ್ಟಿದ್ದೆ. ಆ ಬೇಜಾರು ಇನ್ನೂ ಇದೆ.

ಆ ದಿನ

ಬೇಗ ಹೋಗಿ. ದಸರಾ ವಸ್ತುಪ್ರದರ್ಶನದ ಮೈದಾನ ಹತ್ತಿರದಲ್ಲೇ ಇರುವುದರಿಂದ ಆ ಕಡೆ ಗಾಡಿಗಳ ಜಂಗುಳಿ ಇರುತ್ತದೆ, ಬೆಟ್ಟಕ್ಕೆ ಹೋಗುವವರೂ ಸೇರಿಕೊಳ್ಳುತ್ತಾರೆ. ಸ್ವಂತ ಕಾರಿಗಿಂತ ಆಟೋ ಒಳ್ಳೆಯದು. ಮೆಂಬರ್ಸ್ ಸ್ಟ್ಯಾಂಡ್ ಬೇರೆ, ಸಾರ್ವಜನಿಕರ ಸ್ಟ್ಯಾಂಡ್ ಬೇರೆ, ನಿಮ್ಮ ಟಿಕೆಟ್ ಯಾವುದಕ್ಕೆ ಅಂತ ನೋಡಿಕೊಳ್ಳಿ. ಮೊಬೈಲ್ ಬಗ್ಗೆ, ಮಕ್ಕಳನ್ನು ಬಿಡುವ ಬಗ್ಗೆ ಗೇಟಿನಲ್ಲೇ ಕೇಳಿ. ಕೊಡೆ, ನೀರು, ಸಾಧ್ಯವಾದರೆ ಒಂದು ಬೈನಾಕ್ಯುಲರ್. ಹೊಟ್ಟೆಗೆ ಸ್ವಲ್ಪ ಗಟ್ಟಿಯಾಗಿ ತಿಂದು ಹೊರಡಿ.

ಮಳೆಯ ವಿಷಯ. ಅಕ್ಟೋಬರ್ ಅಂದರೆ ಹಸ್ತ, ಚಿತ್ತಾ ಮಳೆಗಳ ಕಾಲ. ಮಧ್ಯಾಹ್ನ ಸುಡು ಬಿಸಿಲು, ನಾಲ್ಕು ಗಂಟೆಗೆ ಬೆಟ್ಟದ ಮೇಲೆ ಮೋಡ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಟ್ರ್ಯಾಕ್ ಮೆತ್ತಗಿರುತ್ತದೆ. ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯಲು ಪೆನೆಟ್ರೋಮೀಟರ್ ಅನ್ನುವ ಸಾಧನ ಇದೆ. ಒಂದು ತೂಕವನ್ನು ಕೋಲಿನ ಮೇಲೆ ಬೀಳಿಸಿ ಅದು ಹುಲ್ಲಿನೊಳಗೆ ಎಷ್ಟು ಇಳಿಯಿತು ಅಂತ ನೋಡುತ್ತಾರೆ, ಆ ಅಂಕೆಯನ್ನು ರೇಸಿಗೆ ಮುಂಚೆ ಪ್ರಕಟಿಸುತ್ತಾರೆ. ಅಂಕೆ ಜಾಸ್ತಿ ಇದ್ದಷ್ಟೂ ನೆಲ ಮೆದು. ಮೆದು ನೆಲದಲ್ಲಿ ಕಾಲು ಎತ್ತಲು ಜಾಸ್ತಿ ಬಲ ಬೇಕು, ಕೊನೆಯ 400 ಮೀಟರಿನಲ್ಲಿ ಹಗುರ ಮೈಯ ಚುರುಕು ಕುದುರೆಗಳು ಸುಸ್ತಾಗಿ, ದಮ್ಮಿರುವ ಕುದುರೆಗಳು ಹಿಂದಿನಿಂದ ಬರುವುದನ್ನು ನೋಡಬಹುದು. ಕಾರ್ಡಿನಲ್ಲಿ ಹಳೆಯ ಗೆಲುವು ನೋಡುವಾಗ ಅದು ಒಣ ನೆಲದಲ್ಲೋ ಒದ್ದೆ ನೆಲದಲ್ಲೋ ಅಂತ ಕೇಳಿಕೊಳ್ಳಿ.

ಸಾಮಾನ್ಯವಾಗಿ ಡರ್ಬಿ ದಿನದ ಕೊನೆಯ ಭಾಗದಲ್ಲಿರುತ್ತದೆ, ಅದಕ್ಕೆ ಮುಂಚೆ ನಾಲ್ಕೈದು ರೇಸುಗಳು, ಒಂದೊಂದರ ಮಧ್ಯೆ ಸುಮಾರು ಅರ್ಧ ಗಂಟೆ. ಈ ಅರ್ಧ ಗಂಟೆಯಲ್ಲಿ ಜನ ಬೇರೆ ಊರಿನ ರೇಸು ತೋರಿಸುವ ಟಿವಿ ಮುಂದೆ ಸೇರುತ್ತಾರೆ. ನೀವು ಸೇರಬೇಡಿ. ಆ ನಾಲ್ಕೈದು ರೇಸುಗಳನ್ನು ಅಭ್ಯಾಸಕ್ಕೆ ಬಳಸಿಕೊಳ್ಳಿ. ಮೊದಲ ರೇಸು ಪೂರ್ತಿ ಪ್ಯಾಡಕ್ ಹತ್ತಿರ, ಅಂದರೆ ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸುವ ಜಾಗದ ಹತ್ತಿರ ಕಳೆಯಿರಿ, ಓಟ ತಪ್ಪಿದರೂ ಪರವಾಗಿಲ್ಲ. ಎರಡನೆಯದನ್ನು ಟ್ರ್ಯಾಕಿನ ಅಂಚಿನ ಕಂಬಿ ಪಕ್ಕ ನಿಂತು ನೋಡಿ. ಮೂರನೆಯದನ್ನು ಸ್ಟ್ಯಾಂಡಿನ ಮೇಲಿಂದ. ಮೂರು ಕಡೆಯಿಂದ ಕಾಣುವುದು ಮೂರು ಬೇರೆ ಆಟ, ಡರ್ಬಿಗೆ ಎಲ್ಲಿ ನಿಲ್ಲಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಪ್ಯಾಡಕ್ ಹತ್ತಿರ ಏನು ನೋಡಬೇಕು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನಗೆ ಇಡೀ ದಿನದಲ್ಲಿ ಪ್ರೀತಿಯ ಜಾಗ ಇದೇ. ಓಟಕ್ಕೆ ಮುಂಚೆ ಕುದುರೆಗಳನ್ನು ಒಂದು ಸುತ್ತು ದಾರಿಯಲ್ಲಿ ನಡೆಸುತ್ತಾರೆ. ಬೇಲಿಗೆ ಒರಗಿ ನಿಂತರೆ ನಿಮ್ಮ ಕೈಗೆ ಎಟುಕುವಷ್ಟು ದೂರದಲ್ಲಿ ಹಾದುಹೋಗುತ್ತವೆ. ಕೈ ಚಾಚಬೇಡಿ, ಕೂಗಬೇಡಿ, ಫೋಟೋ ತೆಗೆಯಲು ಬಿಟ್ಟರೂ ಫ್ಲಾಶ್ ಹಾಕಬೇಡಿ.

ಒಂದು ಸಲ ಬೇಲಿ ಪಕ್ಕ ನಿಂತು ನಾನೊಂದು ಕುದುರೆಯ ಮೈ ಹೊಳಪು ನೋಡಿ ಬಾಯಿ ಬಿಟ್ಟುಕೊಂಡಿದ್ದಾಗ ವಯಸ್ಸಾದ ಸೈಸ್ ಒಬ್ಬರು, ಆ ಹೊತ್ತಿಗೆ ಅವರಿಗೆ ಕುದುರೆ ಇರಲಿಲ್ಲ, ಪಕ್ಕದಲ್ಲಿ ನಿಂತಿದ್ದವರು, "ಮೈ ಆಮೇಲೆ ನೋಡಿ ಸ್ವಾಮಿ, ಮೊದ್ಲು ಹೆಜ್ಜೆ ನೋಡಿ" ಅಂದರು. ಹೆಜ್ಜೆಯಲ್ಲಿ ಏನಿದೆ ಅಂದೆ. ಮುಂಗಾಲು ಇಟ್ಟ ಜಾಗವನ್ನು ಹಿಂಗಾಲು ದಾಟಿ ಬೀಳುತ್ತಾ ನೋಡಿ, ಅಂದರು. ಅಂದಿನಿಂದ ಅದೇ ನನ್ನ ಮೊದಲ ನೋಟ. ಸಡಿಲವಾಗಿ, ಉದ್ದಕ್ಕೆ ಹೆಜ್ಜೆ ಹಾಕುವ ಕುದುರೆಯ ಹಿಂದಿನ ಗೊರಸು ಮುಂದಿನ ಗೊರಸಿನ ಗುರುತಿಗಿಂತ ಒಂದು ಗೇಣು ಮುಂದೆ ಬೀಳುತ್ತದೆ. ಬೆನ್ನು ಬಿಗಿ ಇದ್ದರೆ, ಎಲ್ಲಾದರೂ ನೋವಿದ್ದರೆ ಹೆಜ್ಜೆ ಚಿಕ್ಕದಾಗುತ್ತದೆ. ಒಂದೇ ಕುದುರೆಯನ್ನು ಎರಡು ಮೂರು ರೇಸ್ ದಿನ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೆಲವು ಕುದುರೆಗಳ ಹೆಜ್ಜೆ ಹುಟ್ಟಾ ಚಿಕ್ಕದು, ಅವು ಗೆಲ್ಲುವುದೂ ಉಂಟು. ಅದಕ್ಕೇ ಒಂದು ಕುದುರೆಯನ್ನು ಇನ್ನೊಂದರ ಜೊತೆ ಹೋಲಿಸುವುದಕ್ಕಿಂತ ಅದರದ್ದೇ ಹಿಂದಿನ ದಿನದ ಜೊತೆ ಹೋಲಿಸುವುದು ಒಳ್ಳೆಯದು.

ಆಮೇಲೆ ಕಿವಿ. ಮುಂದಕ್ಕೆ ನಿಮಿರಿದ್ದರೆ ಸುತ್ತಲಿನದ್ದರಲ್ಲಿ ಆಸಕ್ತಿ ಇದೆ ಅಂತ. ಹಿಂದಕ್ಕೆ ಚಪ್ಪಟೆಯಾಗಿ ಒತ್ತಿಕೊಂಡಿದ್ದರೆ ಸಿಟ್ಟು. ಬಾಲ ಸುಮ್ನೆ ತೂಗುತ್ತಿದ್ದರೆ ಸರಿ, ಪದೇ ಪದೇ ಚಾಟಿಯ ಹಾಗೆ ಬೀಸುತ್ತಿದ್ದರೆ ಏನೋ ಕಿರಿಕಿರಿ ಇದೆ. ಬೆವರು ನೋಡುವಾಗ ಹುಷಾರು. ಬಿಸಿಲಿನ ದಿನ ಕುತ್ತಿಗೆಯ ಮೇಲೆ ಸ್ವಲ್ಪ ಬೆವರು ಸಹಜ. ಹಿಂಗಾಲುಗಳ ಸಂದಿಯಲ್ಲಿ ಬಿಳೀ ನೊರೆ, ಜೊತೆಗೆ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಸೈಸನ್ನು ಎಳೆದಾಡುತ್ತಿದೆ ಅಂದರೆ ಓಟಕ್ಕೆ ಇಟ್ಟುಕೊಳ್ಳಬೇಕಾದ ಶಕ್ತಿಯನ್ನು ಇಲ್ಲೇ ಖರ್ಚು ಮಾಡುತ್ತಿದೆ. ಡರ್ಬಿಯ ಜನಜಾತ್ರೆ ನೋಡಿ ಎಳೆಯ ಕುದುರೆಗಳು ಹೀಗೆ ಆಗುವುದು ಬಹಳ. ಅದೇ ಗದ್ದಲದಲ್ಲಿ ಒಂದು ಕುದುರೆ ತಲೆ ತಗ್ಗಿಸಿ, ಸಂತೆಯಲ್ಲಿ ನಡೆದು ಹೋಗುವ ಹಾಗೆ ನಿರಾಳವಾಗಿ ಹೋಗುತ್ತದೆ. ಅಂಥದ್ದನ್ನು ನೋಡಿದರೆ ನನಗೆ ಮನಸ್ಸು ತುಂಬಿ ಬರುತ್ತದೆ.

ಹಿಂಬದಿಯ ಮಾಂಸಖಂಡ ನೋಡಿ, ಓಟದ ಎಂಜಿನ್ ಇರುವುದು ಅಲ್ಲಿ. ಆಮೇಲೆ ಕಾಲು ನೋಡಿ. ಮೊಣಕಾಲಿನಿಂದ ಕೆಳಗೆ ಮಾಂಸವೇ ಇಲ್ಲ, ಬರೀ ಮೂಳೆ, ನರದಂಥ ಗಟ್ಟಿ ಕಂಡರ, ಚರ್ಮ. ನಾನೂರೈವತ್ತು ಐನೂರು ಕೆಜಿ ಮೈ ಆ ವೇಗದಲ್ಲಿ ಹೋಗುವಾಗ ಒಂದು ಕ್ಷಣ ಎಲ್ಲ ಭಾರವೂ ಒಂದೇ ಕಾಲಿನ ಮೇಲೆ ಬೀಳುತ್ತದೆ. ಇದನ್ನು ಒಂದು ಸಲ ಮನಸ್ಸಿಗೆ ತಂದುಕೊಂಡರೆ ಕುದುರೆಯನ್ನು ಬರೀ ನಂಬರ್ ಅಂತ ನೋಡಲು ಆಗುವುದಿಲ್ಲ.

ಕೆಲವಕ್ಕೆ ಕಣ್ಣುಪಟ್ಟಿ ಹಾಕಿರುತ್ತಾರೆ, ಪಕ್ಕದ್ದು ಕಾಣದೆ ಎದುರು ಮಾತ್ರ ಕಾಣಲಿ ಅಂತ. ಮೊದಲ ಸಲ ಹಾಕಿದ್ದಾರೆ ಅಂತ ಕಾರ್ಡಿನಲ್ಲಿದ್ದರೆ ಗುರುತು ಹಾಕಿಕೊಳ್ಳಿ, ಆ ಕುದುರೆಯ ಓಟ ಇವತ್ತು ಬದಲಾಗಬಹುದು. ಜಾಕಿಗಳು ಹತ್ತುವ ಮುಂಚೆ ಟ್ರೇನರ್ ಜೊತೆ ಒಂದೆರಡು ನಿಮಿಷ ಮಾತಾಡುತ್ತಾರೆ. ಏನು ಮಾತು ಅಂತ ನಮಗೆ ಕೇಳಿಸುವುದಿಲ್ಲ, ಆದರೆ ಕೈ ಆಡಿಸುವುದರಲ್ಲಿ ಮುಂದೆ ಓಡಿಸಬೇಕೋ ಹಿಂದೆ ಹಿಡಿದುಕೊಂಡಿರಬೇಕೋ ಅಂತ ಊಹಿಸಬಹುದು. ಜಾಕಿಗಳ ಬಗ್ಗೆಯೂ ಸ್ವಲ್ಪ ಓದಿಕೊಂಡು ಹೋಗಿ. ಪೆಸಿ ಶ್ರಾಫ್ ಅವರು ಜಾಕಿಯಾಗಿ ಎಂಟು ಇಂಡಿಯನ್ ಡರ್ಬಿ ಗೆದ್ದವರು, ಆಮೇಲೆ ಟ್ರೇನರ್ ಆದರು. ಅವರ ಒಟ್ಟು ಗೆಲುವಿನ ದಾಖಲೆ ಮುರಿದದ್ದು ನಮ್ಮ ಬೆಂಗಳೂರಿನ ಸೂರಜ್ ನರೇಡು. ಟ್ರೇನರ್‌ಗಳಲ್ಲಿ ಬೆಂಗಳೂರಿನ ರಶೀದ್ ಬೈರಾಂಜಿ ಅವರ ಹೆಸರು ಹಳಬರ ಬಾಯಲ್ಲಿ ಇನ್ನೂ ಇದೆ. 19 ಓಟಗಳಲ್ಲಿ 18 ಗೆದ್ದ ಸ್ಕ್ವಾಂಡರರ್ ಕುದುರೆಯನ್ನು ತಯಾರು ಮಾಡಿದ್ದು ಅವರೇ.

ಓಟ ನೋಡುವುದು

ಜಾಕಿಗಳು ಹತ್ತಿದ ತಕ್ಷಣ ಪ್ಯಾಡಕ್ ಬಿಟ್ಟು ಹೊರಡಿ. ಡರ್ಬಿಗೆ ನನ್ನ ಜಾಗ ಸ್ಟ್ಯಾಂಡಿನ ಮಧ್ಯದ ಮೆಟ್ಟಿಲು, ಗೆಲುವಿನ ಕಂಬಕ್ಕಿಂತ ಸ್ವಲ್ಪ ಹಿಂದೆ. ಕಂಬದ ಎದುರಿಗೇ ನಿಂತರೆ ಮುಗಿಯುವುದು ಮಾತ್ರ ಕಾಣುತ್ತದೆ. ಸ್ವಲ್ಪ ಹಿಂದೆ ನಿಂತರೆ ಹೋರಾಟ ಕಾಣುತ್ತದೆ.

ಗೇಟಿಗೆ ಕುದುರೆಗಳನ್ನು ತುಂಬುವಾಗಲೇ ಕಣ್ಣಿಡಿ. ಒಳಗೆ ಹೋಗಲು ಹಠ ಮಾಡುವುದು, ಒಳಗೆ ಒದ್ದಾಡುವುದು, ಬಾಗಿಲು ತೆಗೆದಾಗ ಒಂದು ಕ್ಷಣ ತಡವಾಗುವುದು, ಇವೆಲ್ಲ ಕೊನೆಗೆ ಲೆಕ್ಕಕ್ಕೆ ಬರುತ್ತವೆ. ಹೊರಟ ಮೇಲೆ ಮೊದಲ 300 ಮೀಟರ್ ಮುಂದಿರುವ ಕುದುರೆಯನ್ನು ನೋಡಬೇಡಿ. ನಿಮ್ಮ ಮೂರು ಟೋಪಿಗಳನ್ನು ಹುಡುಕಿ. ಯಾವುದು ಒಳಗಿನ ಕಂಬಿ ಪಕ್ಕ, ಯಾವುದು ಹೊರಗೆ, ಅಷ್ಟು ಸಾಕು.

ತಿರುವಿನ ಲೆಕ್ಕ ನನಗೆ ಬಹಳ ಇಷ್ಟ. ಅರ್ಧ ವೃತ್ತದ ತಿರುವಿನಲ್ಲಿ ಒಳಗಿನವರಿಗಿಂತ ಒಂದು ಮೀಟರ್ ಹೊರಗೆ ಓಡಿದರೆ ಮೂರು ಮೀಟರಿಗಿಂತ ಜಾಸ್ತಿ ದೂರ ಓಡಿದ ಹಾಗೆ. ಒಂದು ಕುದುರೆಯ ಉದ್ದ ಅಂದರೆ ಸುಮಾರು ಎರಡೂವರೆ ಮೀಟರ್. ನಾಲ್ಕು ಕುದುರೆಗಳ ಹೊರಗೆ ತಿರುವು ಸುತ್ತಿದ ಕುದುರೆ ಅರ್ಧ ಉದ್ದದಲ್ಲಿ ಸೋತರೆ ಆ ದಿನದ ಬಲಶಾಲಿ ಅದೇ ಇದ್ದಿರಬಹುದು. ಹಾಗಾದರೆ ಎಲ್ಲರೂ ಒಳಗೇ ಓಡಬಾರದಾ ಅಂದರೆ, ಒಳಗೆ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ. ಮುಂದೆ ಸುಸ್ತಾದ ಕುದುರೆ, ಪಕ್ಕದಲ್ಲಿ ಇನ್ನೊಂದು, ಒಂದು ಕಡೆ ಕಂಬಿ. ಕೈತುಂಬ ಶಕ್ತಿ ಇದ್ದೂ ದಾರಿ ಸಿಗದ ಜಾಕಿ ಲಗಾಮು ಹಿಡಿದು ಕಾಯುವುದನ್ನು ನೋಡುವಾಗ ನಮ್ಮ ಹೊಟ್ಟೆಯಲ್ಲೇ ಏನೋ ಆಗುತ್ತದೆ.

ನೇರ ದಾರಿಗೆ ಬಂದ ಮೇಲೆ ಜಾಕಿಯ ಕೈ ನೋಡಿ. ಎಲ್ಲರ ಕೈಗಳೂ ಕುದುರೆಯ ಕುತ್ತಿಗೆಯ ಮೇಲೆ ಜೋರಾಗಿ ಹಿಂದೆ ಮುಂದೆ ಆಡುತ್ತಿರುವಾಗ ಒಬ್ಬರ ಕೈ ಮಾತ್ರ ಇನ್ನೂ ಸುಮ್ಮನೆ ಇರುತ್ತದೆ. ಆ ಕುದುರೆಯ ಹತ್ತಿರ ಇನ್ನೂ ಏನೋ ಉಳಿದಿದೆ ಅಂತ ಅರ್ಥ. ತಪ್ಪದೆ ಅದನ್ನೇ ಹಿಂಬಾಲಿಸಿ.

ಕಂಬಿ ಪಕ್ಕ ನಿಂತರೆ ಬೇರೆಯೇ ಅನುಭವ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ಎಳೆದು ಬಿಡುತ್ತದೆ. ಅದು ಅದರ ಮೈಯ ಕಟ್ಟು, ಬೇಕೆಂದರೂ ಎರಡು ಸಲ ಆಗುವುದಿಲ್ಲ. ಹತ್ತು ಕುದುರೆಗಳು ಒಟ್ಟಿಗೆ ಹಾದುಹೋಗುವಾಗ ಗೊರಸಿನ ಸದ್ದಿನ ಜೊತೆ ಆ ಉಸಿರಿನ ಸದ್ದೂ ಕೇಳುತ್ತದೆ, ತಿದಿ ಒತ್ತಿದ ಹಾಗೆ. ನೆಲ ಅದುರುವುದು ಅಂಗಾಲಿಗೆ ಗೊತ್ತಾಗುತ್ತದೆ. ಇದು ಯಾವ ಟಿವಿಯಲ್ಲೂ ಬರುವುದಿಲ್ಲ.

ಕುದುರೆ ಬಿದ್ದರೆ, ಅಥವಾ ಓಟದ ಮಧ್ಯೆ ಕುಂಟಿ ನಿಂತರೆ, ಫೋನ್ ತೆಗೆದು ವಿಡಿಯೋ ಮಾಡಬೇಡಿ. ಕೆಲವು ಸಲ ಆ ಕುದುರೆ ಬದುಕುವುದಿಲ್ಲ. ಈ ಆಟವನ್ನು ಪ್ರೀತಿಸುವ ನಾನು ಇದನ್ನು ಮುಚ್ಚಿಡಲಾರೆ. ಆ ದಿನ ಮನೆಗೆ ಹೋದರೂ ನಿದ್ದೆ ಬರುವುದಿಲ್ಲ. ಕ್ಲಬ್‌ಗಳು ಟ್ರ್ಯಾಕ್ ಹೇಗೆ ನೋಡಿಕೊಳ್ಳುತ್ತವೆ, ಓಟ ನಿಲ್ಲಿಸಿದ ಕುದುರೆಗಳು ಆಮೇಲೆ ಎಲ್ಲಿ ಹೋಗುತ್ತವೆ ಅಂತ ಕೇಳುವುದು ಅಭಿಮಾನಿಗಳ ಕೆಲಸ, ಕೇಳಿ.

ದುಡ್ಡಿನ ವಿಷಯ

ಚಿಕ್ಕದಾಗಿ ಹೇಳುತ್ತೇನೆ. ದುಡ್ಡು ಕಟ್ಟದೆಯೂ ಡರ್ಬಿ ಪೂರ್ತಿ ನೋಡಬಹುದು, ನಾನು ಬಹಳ ವರ್ಷ ಹಾಗೇ ನೋಡುತ್ತಿದ್ದೇನೆ. ಕುದುರೆ ರೇಸಿನಲ್ಲಿ ಗೆಲ್ಲುವುದಕ್ಕೆ ಮುಖ್ಯವಾಗಿ ಬೇಕಿರುವುದು ಕೌಶಲ, ಇದು ಬರೀ ಅದೃಷ್ಟದ ಜೂಜಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ ನಿಜ. ಆದರೆ ಆ ಕೌಶಲ ಒಂದು ಮಧ್ಯಾಹ್ನದಲ್ಲಿ ಬರುವುದಿಲ್ಲ. ಟೋಟ್ ಅಂದರೆ ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬಿದ್ದು, ಅದರಲ್ಲಿ ಕ್ಲಬ್ಬಿನ ಪಾಲು ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುವುದು. ಜೊತೆಗೆ ತೆರಿಗೆಯೂ ಇದೆ. ಅಂದರೆ ಶುರುವಿನಲ್ಲೇ ನೀವು ಸ್ವಲ್ಪ ಹಿಂದೆ ಇರುತ್ತೀರಿ. ಆಡಲೇಬೇಕು ಅನ್ನಿಸಿದರೆ ಒಂದು ಊಟದ ಬೆಲೆಯಷ್ಟು ದುಡ್ಡು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ, ವಿನ್ (ಕುದುರೆ ಮೊದಲು ಬರಬೇಕು) ಅಥವಾ ಪ್ಲೇಸ್ (ಮೊದಲ ಕೆಲವು ಸ್ಥಾನಗಳಲ್ಲಿ ಬಂದರೂ ಸಾಕು) ಮಾತ್ರ ಆಡಿ, ಕ್ಲಬ್ಬಿನ ಕೌಂಟರಿನಲ್ಲೇ ಆಡಿ. ಅದು ಮುಗಿದರೆ ಮುಗಿಯಿತು. ಹೊರಗಿನ ಬುಕ್ಕಿ, ಕಿವಿಯಲ್ಲಿ ಹೇಳುವ ಟಿಪ್ಸು, ಹೋದ ದುಡ್ಡನ್ನು ಮುಂದಿನ ರೇಸಿನಲ್ಲಿ ತೆಗೆಯುತ್ತೇನೆ ಅನ್ನುವ ಹಠ, ಈ ಮೂರರಿಂದ ಮನೆ ಮಾರಿಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ.

ಮುಗಿದ ಮೇಲೆ

ಕಂಬ ದಾಟಿದ ಕೂಡಲೇ ಜನ ತಿರುಗಿ ಹೊರಡುತ್ತಾರೆ. ನೀವು ನಿಲ್ಲಿ. ಹತ್ತಿರದ ಫಲಿತಾಂಶವಾದರೆ ಫೋಟೋ ನೋಡಿ ತೀರ್ಮಾನ ಹೇಳುತ್ತಾರೆ. ಜಾಕಿಗಳು ಜೀನು ಕೈಯಲ್ಲಿ ಹಿಡಿದು ಮತ್ತೆ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಹೋಗುವಾಗ ಎಷ್ಟು ತೂಕ ಇತ್ತೋ ಬರುವಾಗಲೂ ಅಷ್ಟು ಇರಬೇಕು. ಯಾರಾದರೂ ಅಡ್ಡ ಬಂದರು ಅಂತ ದೂರು ಕೊಟ್ಟರೆ ವಿಚಾರಣೆ ಆಗುತ್ತದೆ. ದುಡ್ಡು ಕಟ್ಟಿದ್ದರೆ, ಇವೆಲ್ಲ ಮುಗಿಯುವವರೆಗೆ ಕೌಂಟರಿನಲ್ಲಿ ಕೊಟ್ಟ ಚೀಟಿ ಬಿಸಾಕಬೇಡಿ.

ಡರ್ಬಿ ಗೆದ್ದ ಕುದುರೆಯನ್ನು ಮಾಲೀಕರೇ ಲಗಾಮು ಹಿಡಿದು ನಡೆಸಿಕೊಂಡು ಬರುತ್ತಾರೆ. ಹಾರ, ಫೋಟೋ, ಚಪ್ಪಾಳೆ. ಅದನ್ನು ನೋಡಿ, ಆಮೇಲೆ ಸ್ವಲ್ಪ ಈ ಕಡೆ ಕಣ್ಣು ಹಾಯಿಸಿ. ಸೋತ ಕುದುರೆಗಳು ವಾಪಸ್ ಬರುತ್ತಿರುತ್ತವೆ. ಮೂಗಿನ ಹೊಳ್ಳೆ ಅರಳಿ ಒಳಗಿನ ಕೆಂಪು ಕಾಣುತ್ತಿರುತ್ತದೆ, ನರಗಳೆಲ್ಲ ಚರ್ಮದ ಮೇಲೆ ಎದ್ದಿರುತ್ತವೆ, ಸೈಸ್ ಓಡಿ ಬಂದು ಮೈಮೇಲೆ ನೀರು ಸುರಿಯುತ್ತಾರೆ. ಕೊನೆಯದಾಗಿ ಬಂದ ಕುದುರೆಯ ಸೈಸ್ ಅದರ ಕುತ್ತಿಗೆ ತಟ್ಟಿ ಏನೋ ಮಾತಾಡುತ್ತಾ ನಡೆಸಿಕೊಂಡು ಹೋಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಲಾಯದಲ್ಲಿ ದಿನವೂ ಅದರ ಜೊತೆ ಇರುವವರು ಅವರೇ. ಗೆದ್ದದ್ದೋ ಸೋತದ್ದೋ, ಅದರ ಮೈ ಆರುವವರೆಗೆ ಅವರಿಗೆ ಕೂರಲು ಪುರುಸೊತ್ತಿಲ್ಲ.

ರಾತ್ರಿ ಮನೆಗೆ ಹೋದ ಮೇಲೆ ರಿಪ್ಲೇ ಸಿಕ್ಕರೆ ಮೂರು ಸಲ ನೋಡಿ, ನೀವು ಆರಿಸಿದ ಒಂದೊಂದು ಕುದುರೆಗೆ ಒಂದೊಂದು ಸಲ. ತಿರುವಿನಲ್ಲಿ ಎಲ್ಲಿತ್ತು, ದಾರಿ ಸಿಕ್ಕಿತೋ ಇಲ್ಲವೋ, ಕೊನೆಗೆ ಉಸಿರು ಉಳಿದಿತ್ತೋ ಅಂತ ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಆ ಕಾರ್ಡು ಎಸೆಯಬೇಡಿ. ಇದೇ ಕುದುರೆಗಳಲ್ಲಿ ಒಂದೆರಡು ಜನವರಿಯಲ್ಲಿ ಬೆಂಗಳೂರಿನ ಚಳಿಗಾಲದ ಡರ್ಬಿಗೋ, ಫೆಬ್ರುವರಿಯಲ್ಲಿ ಮುಂಬೈಗೋ ಹೋಗಬಹುದು, ಆಗ ಆ ಪುಟ ಮತ್ತೆ ಬೇಕಾಗುತ್ತದೆ.